ಸಾ ಹಚ್ಚು, ಶಂಭು

...ಮಾರಿ ಯಾಕ ಆ ಕಡೆ ತಿರುಗಿಸ್ತೀ? ಇತ್ತಾಗ ನೋಡು, ಶಂಭುಲಿಂಗ. ದವಾಖಾನ್ಯಾಗೂ ಬಂದು ಹೊಡೀತೇನಂತ ಮಾಡೀಯೇನು? ಕೈ ನೋಡು, ಬಾಳಿಹಣ್ಣು ಬಿಟ್ರ ಏನಿಲ್ಲ. ನಿಮ್ಮವ್ವ ಚಹಾ ಕುಡ್ಯಾಕ ಕೆಳಗ ಹೋಗ್ಯಾಳ, ಆಕಿ ಬರೂದ್ರಾಗ ಒಂದೆರಡು ಮಾತು ಮುಗಿಸಿಬಿಡೋಣು.

ನಾಳೆ ಹೆಡ್‌ಮಾಸ್ತರು ಬರ್ತಾರ. ನಿಮ್ಮಪ್ಪ ಮಡಿವಾಳಪ್ಪನವರೂ ಬೆಂಗೇರಿಯಿಂದ ಬರ್ತಾರ. ಕೇಳಿದ್ರ, ಸಂಗೀತ ಖೋಲಿ ಮುಂದಿನ ಪಾವಟಿಗಿ ಮ್ಯಾಲಿಂದ ಜಾರಿ ಬಿದ್ದೆ ಅನ್ನು. ಇಷ್ಟ. ನಗಾಕತ್ತೀಯೇನು? ನಗಬ್ಯಾಡ, ಹುಬ್ಬಿನ ಹೊಲಿಗಿ ಜಗ್ಗತಾವು.

ಹೊಡದೆ, ಖರೇ. ನಿನ್ನ ಮುಂದ ಯಾಕ ಸುಳ್ಳು. ತಬಲಾ ಶ್ರುತಿ ಮಾಡೋ ಸುತ್ತಿಗಿ ಕೈಯಾಗಿತ್ತು, ಅದರಲೇ ಹೊಡದೆ. ಮೊದಲನೇದು ಮುಂಗೈಗೆ. ಎಲುಬು ಮುರಿದ ಸಪ್ಪಳ ಹೊರಗಿನ ಕಟ್ಟೀತನಕಾ ಕೇಳ್ತಂತ, ಹುಡುಗ್ರು ಹೇಳ್ಯಾರ. ನೀ ಬಾಯಿ ತೆರದಿ, ನಾ ಮತ್ತ ಹೊಡದೆ. ಎರಡನೇದು ಹೆಗಲಿಗೆ. ಮೂರನೇದೂ ಹೆಗಲಿಗೇ ಬೀಳಬೇಕಾಗಿತ್ತು, ನೀ ಬಾಗಿದಿ, ಹುಬ್ಬಿಗೆ ಬಿತ್ತು. ಬಿದ್ದವನ ಬೆನ್ನಿಗೆ ನಾಕನೇದು ಯಾಕ ಹೊಡದೆ ಅಂತ ನನಗೂ ತಿಳೀವಲ್ದು. ಪಾಠ ನೋಡಾಕ ಬಂದಿದ್ದ ಸಾಹೇಬ್ರು ಎದ್ದು ನನ್ನ ರಟ್ಟಿ ಹಿಡೀದಿದ್ರ... ಹೋಗ್ಲಿ ಬಿಡು. ತಂಬೂರಿ ಮ್ಯಾಲಿನ ರಕ್ತ ಇವತ್ತ ಮುಂಜಾನೆ ನಾನ ಒರೆಸಿದೆ. ಸಂದ್ಯಾಗಿಂದು ಹೋಗವಲ್ದು.

ಆದ್ರ ನೀ ಮಾಡಿದ್ದೇನು ಸಣ್ಣದ? ಗಂಡುಹುಡುಗ್ರ ಸಾಲ್ಯಾಗ ಸಂಗೀತ ಒಂದು ವಿಷಯೇನು, ಆ ತಾಸು ಗಣಿತಕ್ಕ ಕೊಡ್ರಿ ಅಂತ ಕಮಿಟಿಯವರು ಮೂರು ವರ್ಷದಿಂದ ನನ್ನ ಬೆನ್ನಿಗೆ ಬಿದ್ದಾರ. ಅದನ್ನ ನೋಡಾಕ ಶಿಕ್ಷಣ ಇಲಾಖೆ ಸಾಹೇಬ್ರು ಬಂದು ಕುಂತಿದ್ರು. ನೀವು ಏಳು ಮಂದಿ ಹಾಡಬೇಕು, ಅವರು ತಲಿದೂಗಬೇಕು, ವಿಷಯ ಉಳೀಬೇಕು. ವಿಷಯ ಹೋದ್ರ ನಾನೂ ಹೋದಂಗ. ತಂಬೂರಿ ಶ್ರುತಿ ಮಾಡಿ ನಿನ್ನ ಮುಂದ ಇಟ್ಟೆ. ನೀ ಹಾಡೂದು ಬಿಟ್ಟು, ಅಷ್ಟೂ ಮಂದಿ ಮುಂದ ಬಿರಡಿ ತಿರುವಿ ಮತ್ತ ಶ್ರುತಿ ಮಾಡಾಕ ಹತ್ತಿದಿ! ಗುರು ಶ್ರುತಿ ಮಾಡಿದ ತಂಬೂರಿಗೆ ಶಿಷ್ಯ ಕೈ ಹಚ್ಚತಾನೇನೋ? ಎಲ್ಲಾರೂ ನಿನ್ನ ಬೆರಳು ನೋಡಿದ್ರು, ಆಮ್ಯಾಲೆ ನನ್ನ ಮಾರಿ ನೋಡಿದ್ರು. ನನಗ ನೆತ್ತಿಗೇರಿತು.

ನಮ್ಮ ಗುರುಗಳು ಹೊಡೀತಿದ್ದದ್ದು ನೀ ನೋಡಿಲ್ಲ. ಸುರ ತಪ್ಪಿದ್ರ ಎರಡೂ ಅಂಗೈ ಬೀಸಿ, ಎರಡೂ ಕಿವಿಗೆ ಒಮ್ಮೆಲೇ. ಹನ್ನೊಂದು ವರ್ಷ ತಿಂದೇನಿ. ಒಮ್ಮೆ ಕಿವಿಯಿಂದ ರಕ್ತ ಬಂತು, ಅರಬಿಲೇ ಒರೆಸಿಕೊಂಡು ಮತ್ತ ಹಾಡಾಕ ಕುಂತೆ. ಸತ್ತೇನೇನು? ಇವತ್ತ ಮಾಳಮಡ್ಡ್ಯಾಗ ನನ್ನ ಹೆಸರು ಯಾರನ್ನ ಬೇಕಾದ್ರೂ ಕೇಳು, ಪಂಢರಿನಾಥ ಮಾಸ್ತರು ಅಂದ್ರ ಮನಿ ತೋರಸ್ತಾರ.

ಏನಂದಿ? ಬಾಯಾಗ ವಟಗುಟ್ಟಬ್ಯಾಡ, ಗಟ್ಟಿ ಮಾತಾಡು. ಹೋಳಿಹುಣ್ಣಿವಿ ಆದಾಗಿಂದ ನನಗ ನೆಗಡಿ, ಕಿವಿ ಕಟ್ಟಿಧಂಗ ಆಗೈತಿ.

ದಿನಾ ಪ್ರಾರ್ಥನಾಕ್ಕಿಂತ ಮೊದಲ ಬಂದು ನೀನ ತಂಬೂರಿ ಶ್ರುತಿ ಮಾಡಿ ಇಡತಿದ್ದಿ. ಹೌದಲ್ಲ? ನನಗೇನು ಗೊತ್ತಿರಲಿಲ್ಲಂತ ತಿಳಕೊಂಡಿದ್ದೇನು? ಗೊತ್ತಿಲ್ಲಧಂಗ ಇದ್ದೆ. ಆ ದಿವಸ ಬೇಕಂತನ ಖೋಲಿಗೆ ಕೀಲಿ ಹಾಕಿದೆ. ಸಾಹೇಬ್ರ ಮುಂದ ನನ್ನ ಕೈಯಾಗಿನ ಕೆಲಸ ನಾನ ಮಾಡ್ತೇನಿ ಅಂತ ಹಟಾ. ಇಪ್ಪತ್ತೆರಡು ವರ್ಷದ ಕೈ ಇದು... ಭಾಳ ಇಳಿದಿತ್ತೇನೋ ತಂತಿ? ಬ್ಯಾಡ, ಹೇಳಬ್ಯಾಡ.

ಅಳಾಕತ್ತೀಯೇನು? ಮುರಿದ ಕೈ ಕೂಡತೈತಿ ಅಂತ ಡಾಕ್ಟರು ಹೇಳ್ಯಾರ. ನನ್ನ ಜೀವಕ್ಕೂ ಛಲೋ ಅನಸವಲ್ದು, ತಮ್ಮಾ. ಎರಡು ದಿವಸದಿಂದ ಊಟ ಇಳಿವಲ್ದು. ನಿನ್ನಂಥಾ ಗಂಟಲ ನನಗ ಮತ್ತೊಂದು ಸಿಕ್ಕಿಲ್ಲ.

ಒಂದು ಕೆಲಸ ಮಾಡು. ಸಾ ಹಚ್ಚು, ಶಂಭು. ಗಂಟಲಿಗೇನೂ ಆಗಿಲ್ಲಂತ ಒಮ್ಮೆ ಕೇಳಿ ಎದ್ದು ಹೋಗ್ತೇನಿ. ಹಚ್ಚು.

ಹಚ್ಚು ಅಂದ್ನೆಲ್ಲ. ಬಾಯಿ ತೆರದು ಕುಂತ್ರ ಆತೇನು? ಸಿಟ್ಟು ತೀರಿಸ್ಕೊಳ್ಳಾಕತ್ತೀಯೇನು ನನ್ನ ಮ್ಯಾಲೆ? ಲೇ, ಮತ್ತ ನನ್ನ ಕೈ ಎತ್ತಸಬ್ಯಾಡ... ಸಾ ಹಚ್ಚಲೇ ಮಗನ!

ಬಾಜೂ ಕಾಟಿನ ಮುದುಕ ಯಾಕ ಎದ್ದು ಕುಂತ? ನರ್ಸಬಾಯಿ ಸೂಜಿ ಕೈಯಾಗ ಹಿಡಕೊಂಡು ಬಾಗಲದಾಗ ಯಾಕ ನಿಂತಾಳ? ನಿನ್ನ ಕಡೆ ಯಾಕ ನೋಡಾಕತ್ತಾರ ಎಲ್ಲಾರೂ?

ತಡಿ. ನಿಲ್ಲಸಬ್ಯಾಡ. ಅಂಜಬ್ಯಾಡ, ಹೊಡ್ಯಾಂಗಿಲ್ಲ, ನಿನ್ನ ಎದಿ ಮ್ಯಾಲೆ ಬರೇ ಕೈ ಇಡತೇನಿ... ಎದಿ ತಂಬೂರಿಧಂಗ ನಡಗಾಕತ್ತೈತಿ.

ಹಾಡಾಕತ್ತೀಯಲ್ಲೋ, ತಮ್ಮಾ. ನನಗೇನೂ ಕೇಳವಲ್ದು.

ಎಷ್ಟೊತ್ತಾತು ನೀ ಹಾಡಾಕ ಹತ್ತಿ?