ಧಾರೆ ಹೊತ್ತಿನ ದನಿ

೧೯೮೬ರ ಬೇಸಿಗೆ. ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಕುಮಟಾ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಬರಿ ಹಣೆಯ ಹೆಂಗಸೊಬ್ಬಳು ತನ್ನ ಮೈದುನನನ್ನು ದಬಾಯಿಸುತ್ತಿದ್ದಳು. ಅವನ ತೊಡೆಯ ಮೇಲೆ ಮಸ್ಕತ್ತಿನಿಂದ ತರಿಸಿದ ಡಬಲ್ ಕ್ಯಾಸೆಟ್ ಟೇಪ್‌ರೆಕಾರ್ಡರ್ ಇತ್ತು.

“ಸುಬ್ಬಿ ಮದ್ವೇಲಿ ನನ್ನ ಹಾಡು ಹಾಕೂಕೆ ಯಾರ ಕೇಳ್ದೆ, ದೇವು?”

“ಕೇಳೂದೆಂತ ಅತ್ಗೆ? ಅಣ್ಣ ಇದ್ದಾಗ ನೀವೇ ಹಾಡಿದ್ದು. ನಾ ತುಂಬಿಸ್ಕಂಡಿದ್ದೆ.”

“ನಾ ಎತ್ತಿ ಆಡ್ಸಿದ ಹುಡುಗಿ. ಧಾರೆ ಹೊತ್ತಿಗೆ ನನ್ನ ಅಡಗೆಮನೇಲಿ ಕೂರ್ಸಿದ್ರು, ಮುಂಡೆ ಮೋರೆ ಕಾಣೂಕಾಗ ಅಂದ್ರು. ಹೊರಗೆ ಮೈಕಲ್ಲಿ ನನ್ನದೇ ದನಿ!”

“ಎಲ್ರೂ ಚಂದ ಅಂದ್ರಲ್ಲ. ಈ ಮಿಷನ್ನು ನೋಡಿ, ಎಷ್ಟು ಕಾಪಿ ತೆಗೆದ್ರೂ ಅಸಲು ಸವೆಯೂದಿಲ್ಲ.”

“ಸುಟ್ಟು ಹೋಗ್ಲಿ ನಿನ್ನ ಮಿಷನ್ನು. ಅದ್ನ ಅಳ್ಸು.”

“ಅಳ್ಸಿ ಎಂತ ಆಗೂದು? ಭಟ್ಕಳದವರೆಗೂ ಕಾಪಿ ಹೋಗ್ಯದೆ. ಮದ್ವೆ ಮನೆಯವ್ರು ಕೇಳಿ ಕೇಳಿ ಒಯ್ದ್ರು.”

“ನಿನ್ನ ಕೇಳಿದ್ರು. ನನ್ನ?”

“ಹಾಡು ನಿಮ್ಮ ಅಜ್ಜಿ ಕಾಲದ್ದಲ್ವಾ? ಅದಕ್ಕೆ ಯಾರ ಅಪ್ಪಣೆ?”

“ಹಾಡು ಅಜ್ಜೀದು. ಗಂಟಲು ಯಾರದೋ?”

ಅವನು ಕರವಸ್ತ್ರ ತೆಗೆದು ಟೇಪ್‌ರೆಕಾರ್ಡರಿನ ಧೂಳು ಒರೆಸತೊಡಗಿದ.

“ಮುಂದಿನ ಮದ್ವೆ ಯಾರ ಮನೇಲಿ?”

“ತಿಮ್ಮಣ್ಣನ ಮನೇಲಿ. ಎಂತಕ್ಕೆ?”

“ಚಪ್ಪರದಲ್ಲಿ ಈ ಪೆಟ್ಟಿಗೆ ಪಕ್ಕ ನಾ ಕೂತ್ಕಂತೆ. ದನಿ ಬೇಕಾದವ್ರು ಮೋರೇನೂ ನೋಡ್ಲಿ.”

“ಎಬ್ಬಿಸ್ತ್ರು, ಅತ್ಗೆ.”

“ಎಬ್ಬಿಸ್ಲಿ. ಮೊದ್ಲು ಇದ್ರ ಬಾಯಿ ಮುಚ್ಚಿಸಿ, ಆಮೇಲೆ ನನ್ನ ಎಬ್ಬಿಸ್ಲಿ.”

ಭಟ್ಕಳದ ಬಸ್ಸು ಬಂತು. ಅವಳು ಹತ್ತಿ ಹೆಂಗಸರ ಸೀಟಿನಲ್ಲಿ ನೇರವಾಗಿ ಕುಳಿತಳು. ಅವನು ಟೇಪ್‌ರೆಕಾರ್ಡರನ್ನು ಎದೆಗವಚಿಕೊಂಡು ಅವಳನ್ನು ದಾಟಿ ಹಿಂದೆ ಹೋದ.