ಏಳನೆಯ ದಿನದ ಲಕೋಟೆ

ಸಭೆಯ ಅಧ್ಯಕ್ಷತೆ ವಹಿಸಿರುವ ನಿರ್ದೇಶಕರೇ, ಈ ಕೇಂದ್ರ ನಡೆಸುವ ವಿಶ್ವವಿದ್ಯಾಲಯದಿಂದ ಬಂದಿರುವ ಹಿರಿಯರೇ, ಮುಂದೆ ಸೋಫಾದಲ್ಲಿ ಕುಳಿತಿರುವ ಗಣ್ಯರೇ, ಹಿಂದೆ ತಾಡಪತ್ರಿಯ ಮೇಲೆ ಬುತ್ತಿಗಂಟು ಬಗಲಲ್ಲಿಟ್ಟುಕೊಂಡು ಕುಳಿತಿರುವ ರೋಗಿಗಳ ಕಡೆಯವರೇ, ನನ್ನ ಹೋರಾಟ ಸಮಿತಿಯ ಸಂಗಾತಿಗಳೇ, ಸಭಿಕರೇ,

ಈ ಶಾಲು ನನ್ನ ಹೆಗಲಿಗೇರಿ ಹತ್ತು ನಿಮಿಷವಾಯಿತು. ಸುಡುತ್ತಿದೆ. ಯಾದಗಿರಿಯ ಬಿಸಿಲಿಗೆ ಅಲ್ಲ.

ನಾನು ಇವತ್ತು ಒಂದೇ ಮಾತು ಕೇಳಲು ನಿಂತಿದ್ದೇನೆ. ಈ ಕ್ಯಾನ್ಸರ್ ಕೇಂದ್ರದ ದಾಖಲೆ ವಿಭಾಗದಲ್ಲಿದ್ದ ಸುರಪುರದ ಹುಡುಗಿ ನುಜ್ಹತಳನ್ನು ಮರಳಿ ಕೆಲಸಕ್ಕೆ ಕರೆಯಿರಿ. ನಾಳೆ ಅಲ್ಲ, ಇವತ್ತು. ಯಾಕೆ ಎಂದು ಹೇಳುತ್ತೇನೆ. ಹೇಳಿದ ಮೇಲೆ ಈ ಶಾಲು ನನ್ನ ಮೇಲೆ ಇರಬೇಕೋ ಬೇಡವೋ ನೀವೇ ನಿರ್ಧರಿಸಿ.

ನನ್ನನ್ನು ಬಲ್ಲವರು ಬಲ್ಲಿರಿ. ಸಗರದ ಪಂಪಣ್ಣ. ಹನ್ನೆರಡು ವರ್ಷದ ಹಿಂದೆ ನನ್ನ ಅಕ್ಕ ಬಸವೇಶ್ವರಿ ಇದೇ ಯಾದಗಿರಿಯ ಸ್ಟೇಷನ್ನಿನಲ್ಲಿ, ಹೈದರಾಬಾದಿನ ರೈಲು ಕಾಯುತ್ತ, ಎರಡನೇ ಪ್ಲಾಟ್‌ಫಾರ್ಮಿನ ಸಿಮೆಂಟು ಬೆಂಚಿನ ಮೇಲೆ ಸತ್ತಳು. ಗಂಟಲಿನ ಹುಣ್ಣು. ರೈಲು ನಲವತ್ತು ನಿಮಿಷ ತಡವಿತ್ತು. ನಮ್ಮ ಜನ ಕ್ಯಾನ್ಸರಿಗೆ ಯಾಕೆ ರೈಲು ಹತ್ತಬೇಕು? ಅಂದು ಕೇಳಿದ್ದು ಅಷ್ಟೇ. ವರ್ಷಗಟ್ಟಲೆ ಕೇಳಿದೆ. ಶಹಾಪುರದಲ್ಲಿ ಕೇಳಿದೆ, ಸುರಪುರದಲ್ಲಿ ಕೇಳಿದೆ, ವಡಗೇರಾದ ಬಸ್ಸಿಗೆ ಅಡ್ಡ ಮಲಗಿ ಕೇಳಿದೆ. ಕೊನೆಗೆ ಕಟ್ಟಡ ಎದ್ದಿತು. ಕೆಳಗೆ ಚಿಕಿತ್ಸೆ, ಮೇಲೆ ಸಂಶೋಧನೆ, ಪಕ್ಕದಲ್ಲಿ ತರಬೇತಿ, ಮೂರೂ ಒಂದೇ ಸೂರಿನಡಿ ಎಂದು ಇಲ್ಲಿ ಬಂದವರೆಲ್ಲ ಹೊಗಳಿದರು. ನಾನೂ ಹೊಗಳಿದೆ. ಸುಳ್ಳೇಕೆ ಹೇಳಲಿ?

ಆಮೇಲೆ ರೇಡಿಯೇಷನ್ ಯಂತ್ರ ಬರಲಿಲ್ಲ. ನಾವು ಗೇಟಿನ ಮುಂದೆ ಮತ್ತೆ ಟೆಂಟು ಹಾಕಿದೆವು. ಹತ್ತೊಂಬತ್ತು ದಿನದ ಧರಣಿ. ಆ ಧರಣಿಗೆ ಎರಡು ವಾರ ಮೊದಲು ನನ್ನ ಹೆಂಡತಿ ಭೀಮಾಬಾಯಿಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಇಲ್ಲಿಗೇ ಕರೆತಂದೆ. ಸೂಜಿಯಿಂದ ತುಣುಕು ತೆಗೆದರು. ಹೆಸರು ಬರೆದುಕೊಂಡವಳು ನುಜ್ಹತ. ನನ್ನ ಹೆಂಡತಿಯ ಹತ್ತಿರ ಫೋನಿಲ್ಲ, ನನ್ನದೇ ನಂಬರು ಕೊಟ್ಟೆವು. ಕರೆ ಬರಲಿಲ್ಲ, ಕಾಗದ ಬರಲಿಲ್ಲ. “ಏನರ ಇದ್ದಿದ್ರ ಕರೀತಿದ್ರು ಬಿಡ್ರಿ” ಎಂದಳು ಭೀಮಾಬಾಯಿ. ನಾನು ಧರಣಿಯಲ್ಲಿದ್ದೆ. ನಂಬಿದೆ.

ಆರು ತಿಂಗಳ ಮೇಲೆ ತೋಳು ಎತ್ತಲಾಗದೆ ಬಂದಾಗ ಡಾಕ್ಟರಮ್ಮ ಕಂಪ್ಯೂಟರು ನೋಡಿ ಹುಬ್ಬು ಏರಿಸಿದರು. “ರಿಪೋರ್ಟ್ ಆಗ ನಿಮಗ ಹೋಗ್ಯದಲ್ರಿ ಯಜಮಾನ್ರ. ಆಗ ಬಂದಿದ್ರ ಗಂಟಷ್ಟ ತಗದು ಬಿಡ್ತಿದ್ವಿ. ಈಗ ಕಂಕುಳಿಗಿ ಇಳದದ. ಯಾಕ ಬರ್ಲಿಲ್ಲ?”

ಯಾಕೆ ಬರಲಿಲ್ಲ! ಆ ಪ್ರಶ್ನೆಗೆ ನಾನು ಏನು ಮಾಡಿದೆ ಎಂಬುದು ಈ ಸಭೆಗೆ ಗೊತ್ತು. ದಾಖಲೆ ವಿಭಾಗದ ಮುಂದೆ ನಿಂತು ಕೂಗಿದೆ. ನುಜ್ಹತ ಓಡಿ ಬಂದಳು. “ಕಾಕಾ, ನಾನ ನಿಮ್ಮ ಕೈಯಾಗ ಕೊಟ್ಟೀನಲ್ರಿ, ಟೆಂಟಿನ್ಯಾಗ, ಏಳನೇ ದಿನ” ಎಂದಳು. ಕಾಗದ ತಲುಪಿದ್ದಕ್ಕೆ ಸಹಿ ಪಡೆಯುವ ಟಪಾಲು ಪುಸ್ತಕ ತೆಗೆಸಿದೆ. ಸಹಿ ಇಲ್ಲ! “ಸಹಿ ಎಲ್ಲದ?” ಎಂದೆ. ಹುಡುಗಿ ತಲೆ ತಗ್ಗಿಸಿದಳು. “ಇಷ್ಟು ದೊಡ್ಡವ್ರಿಗಿ ಸಹಿ ಮಾಡ್ರಿ ಅಂತ ಹ್ಯಾಂಗ ಕೇಳ್ಲಿ ಕಾಕಾ? ನಾಚಿಕಿ ಬಂತು.” ನಾನು ಈ ನಿರ್ದೇಶಕರ ಎದುರು, ನೂರು ಮಂದಿಯ ಎದುರು, “ಸುಳ್ಳಿ” ಎಂದು ಬಿಟ್ಟೆ.

ಮರುದಿನ ಅವಳ ತಾಯಿ ಖಾಸಿಂಬೀ ಸುರಪುರದಿಂದ ಬಂದಳು. ಬಳೆ ಮಾರುವ ಹೆಂಗಸು. “ಭಯ್ಯಾ, ನಮ್ ಹುಡುಗಿ ಬೈದ್ರ ಅಳ್ತಾಳ, ಖರೆ. ಸುಳ್ಳು ಹೇಳಂಗಿಲ್ಲ” ಎಂದಳು. ನಾನು ಮುಖ ತಿರುವಿದೆ. ಮಧ್ಯಾಹ್ನ ‘ಅವಳನ್ನು ತೆಗೆಯಿರಿ’ ಎಂದು ಕರಪತ್ರ ಹಂಚಿದೆವು. ಸಂಜೆಯೊಳಗೆ ಹುಡುಗಿಯ ಕೆಲಸ ಹೋಯಿತು.

ನಿರ್ದೇಶಕರೇ, ಒಂದು ಮಾತು. ಒಂದು ಯಂತ್ರ ತರಲು ನಿಮಗೆ ಒಂದು ವರ್ಷ ಸಾಲಲಿಲ್ಲ. ಒಂದು ಹುಡುಗಿಯನ್ನು ತೆಗೆಯಲು ಒಂದು ಮಧ್ಯಾಹ್ನ ಸಾಕಾಯಿತು. ಯಾರು ಕೂಗಿದರೂ ಎಲ್ಲರಿಗಿಂತ ಕೆಳಗಿನವರ ತಲೆ ಕೊಟ್ಟು ಕೈ ತೊಳೆದುಕೊಳ್ಳುವುದನ್ನು ಈ ಕಟ್ಟಡದ ಯಾವ ಮಹಡಿಯಲ್ಲಿ ಕಲಿಸುತ್ತೀರಿ? ಆದರೆ ಕೂಗಿದವನು ನಾನು. ನಾನು ಬೇಡಿದ್ದನ್ನೇ ನೀವು ಕೊಟ್ಟಿರಿ. ಹನ್ನೆರಡು ವರ್ಷದಲ್ಲಿ ನನ್ನ ಬೇಡಿಕೆ ಒಂದೇ ದಿನದಲ್ಲಿ ಈಡೇರಿದ್ದು ಅದೊಂದೇ.

ಈಗ ಇವತ್ತಿನ ಬೆಳಿಗ್ಗೆಗೆ ಬರುತ್ತೇನೆ.

ಈ ಕೇಂದ್ರದ ವಾರ್ಷಿಕೋತ್ಸವದ ಪ್ರದರ್ಶನಕ್ಕೆ ನನ್ನ ಹೋರಾಟದ ಕಾಗದಗಳು ಬೇಕೆಂದು ಇವರು ಕೇಳಿದ್ದರು. ಮನೆಯಲ್ಲಿ, ಗೋಡೆಯ ಗೂಡಿನಲ್ಲಿ, ಒಂದು ಕೆಂಪು ಬಟ್ಟೆಯ ಗಂಟಿದೆ; ಧರಣಿಗೆ ಕೂತಾಗೆಲ್ಲ ಜೊತೆಗೆ ಒಯ್ಯುತ್ತೇನೆ. ವಿಶ್ವವಿದ್ಯಾಲಯದ ಮೊಹರು ಬಿದ್ದು ಬಂದದ್ದೆಲ್ಲ ಅದರಲ್ಲಿ. ಎಲ್ಲಕ್ಕೂ ಒಂದೇ ಉತ್ತರ: ‘ತಮ್ಮ ಮನವಿ ಪರಿಶೀಲನೆಯಲ್ಲಿದೆ.’ ಮೊದಮೊದಲು ಒಡೆದು ಓದುತ್ತಿದ್ದೆ. ಆಮೇಲೆ ಮೊಹರು ನೋಡಿದರೆ ಸಾಕು, ಗಂಟಿಗೆ ಹಾಕುತ್ತಿದ್ದೆ. ಈ ಬೆಳಿಗ್ಗೆ ಗಂಟು ಬಿಚ್ಚಿದೆ. ನಡುವೆ ಅದೇ ಮೊಹರಿನ ಒಂದು ಕಂದು ಲಕೋಟೆ. ಒಡೆದಿಲ್ಲ. ಮೇಲೆ ನನ್ನ ಹೆಸರಲ್ಲ, ಭೀಮಾಬಾಯಿಯ ಹೆಸರು.

ಸಭಿಕರೇ, ಮನೆಯ ಹೊಸ್ತಿಲಲ್ಲಿ ಕೂತು ಈ ಲಕೋಟೆ ಒಡೆದೆ.

ಆಗ ನೆನಪಾಯಿತು. ಏಳನೆಯ ದಿನ. ಘೋಷಣೆ ಕೂಗುತ್ತಿದ್ದೆವು. ಯಾರೋ ಹುಡುಗಿ “ಕಾಕಾ, ಇದು ನಿಮಗ” ಎಂದು ಕೈಗಿಟ್ಟಳು. ನಾನು ಮೊಹರು ನೋಡಿ, ಲಕೋಟೆ ಎತ್ತಿ ಹಿಡಿದು, “ಬಂತ್ರೋ ಪರಿಶೀಲನಿ!” ಎಂದೆ. ಟೆಂಟೆಲ್ಲ ನಕ್ಕಿತು. ಇಲ್ಲೇ ಕುಳಿತಿರುವ ನಮ್ಮ ಮಸ್ತಾನಸಾಬ “ಗಂಟಿಗಿ ಹಾಕ್ರಿ ಅಣ್ಣಾ, ಒಲಿ ಹಚ್ಚಾಕ ಬರ್ತದ” ಎಂದ. ಹಾಕಿದೆ. ನಾನು ನಕ್ಕದ್ದು ನನ್ನ ಹೆಂಡತಿಯ ಎದೆಯ ಗಂಟಿಗೆ.

ಫೋನು? ಫೋನೂ ಬಂದಿರಬೇಕು. ಆಡಳಿತದವರು ರಾಜಿಗೆ ಕರೆಯುತ್ತಾರೆ, ಆಸ್ಪತ್ರೆಯ ನಂಬರು ಬಂದರೆ ಯಾರೂ ಎತ್ತಬಾರದು ಎಂದು ಟೆಂಟಿನಲ್ಲಿ ಠರಾವು ಮಾಡಿದವನು ಯಾರು? ನಾನೇ.

ಒಳಗೆ ಇಂಗ್ಲಿಷಿನ ರಿಪೋರ್ಟು. ನನಗೆ ತಿಳಿಯದೆಂದು ಆ ಹುಡುಗಿಗೆ ಗೊತ್ತಿತ್ತು. ಅದಕ್ಕೆ ಗುಂಡುಪಿನ್ನಿನಿಂದ ಒಂದು ಚೀಟಿ ಚುಚ್ಚಿದ್ದಾಳೆ, ಕನ್ನಡದಲ್ಲಿ, ನೀಲಿ ಪೆನ್ನಿನಲ್ಲಿ: “ಕಾಕಾ, ಅಂಜಬ್ಯಾಡ್ರಿ. ಕಾಕೂಗ ಈ ವಾರದಾಗ ಕರ್ಕೊಂಡು ಬರ್ರಿ. ನುಜ್ಹತ.”

ಇದು ಅವಳ ಕೆಲಸವಾಗಿರಲಿಲ್ಲ. ಯಾವ ನಿಯಮದಲ್ಲೂ ಬರೆದಿಲ್ಲ. ಇವಳನ್ನು ನಾನು ಸುಳ್ಳಿ ಎಂದೆ.

ನಿರ್ದೇಶಕರೇ, ನೀವೂ ಪೂರಾ ತಪ್ಪಿಸಿಕೊಳ್ಳಬೇಡಿ. ನನ್ನ ಹೆಂಡತಿಯ ಮೈಯ ತುಣುಕು ಮೇಲಿನ ಮಹಡಿಯ ಸಂಶೋಧನೆಗೆ ತಲುಪಿದೆ, ಪಟ್ಟಿಯಲ್ಲಿ ನಂಬರಿದೆ. ಪಕ್ಕದ ತರಬೇತಿ ಕೋಣೆಗೆ ತಲುಪಿದೆ, ವಿದ್ಯಾರ್ಥಿಗಳು ಅದರ ಸ್ಲೈಡು ನೋಡಿ ಪರೀಕ್ಷೆ ಬರೆದಿದ್ದಾರಂತೆ, ಪಾಸೂ ಆಗಿದ್ದಾರಂತೆ. ಮೂರೂ ಒಂದೇ ಸೂರಿನಡಿ! ಸುದ್ದಿ ತಲುಪದೆ ಉಳಿದವಳು ಆ ಮೈಯ ಒಡತಿ ಒಬ್ಬಳೇ. ಆರು ತಿಂಗಳು ಅವಳು ಯಾಕೆ ಬರಲಿಲ್ಲ ಎಂದು ಒಬ್ಬರಾದರೂ ಸಗರಕ್ಕೆ ಬಸ್ಸು ಹತ್ತಿದಿರಾ? ಹೆಂಗಸಿನ ಜೀವದ ಮಾತನ್ನು ಗಂಡಸಿನ ಕೈಗೆ, ಗಂಡಸಿನ ಫೋನಿಗೆ ಕೊಟ್ಟು ಮುಗಿಯಿತು ಎಂದಿರಲ್ಲ, ಆ ಗಂಡಸು ನನ್ನಂಥವನಾಗಿದ್ದರೆ?

ಭೀಮಾಬಾಯಿ ಈಗ ಅಲ್ಲಿದ್ದಾಳೆ. ಈ ಶಾಮಿಯಾನದ ಆಚೆ, ಎರಡನೇ ಮಹಡಿ, ತೆರೆದಿರುವ ಆ ನಾಲ್ಕನೇ ಕಿಟಕಿ. ಸೋಮವಾರ ಆಪರೇಷನ್ನು. “ಮನ್ಯಾಗ ಮೂವತ್ತು ವರ್ಷ ನಿಮ್ಮ ಭಾಷಣ ಪುಕ್ಕಟ ಕೇಳೀನಿ. ಇವತ್ತು ಶಾಲು ಹಾಕಿ ಕೇಳಸ್ತಾರಂತ, ಬಿಡ್ತೀನೇನು? ಕಿಟಕಿ ತಗದು ಕುಂದರ್ತೀನಿ” ಎಂದು ನಿನ್ನೆ ನಕ್ಕಳು. ಲಕೋಟೆಯ ಮಾತು ಅವಳಿಗೆ ಹೇಳಿಲ್ಲ. ಬೆಳಿಗ್ಗೆ ವಾರ್ಡಿನ ಬಾಗಿಲ ತನಕ ಹೋಗಿ ಬಂದೆ.  ಮೈಕು ಇದ್ದರೇ ನನಗೆ ಧೈರ್ಯ ಎಂದು ಇವತ್ತು ಗೊತ್ತಾಯಿತು.

ಭೀಮಾ, ಕೇಳಾಕತ್ತೀಯಲ್ಲ? ಆ ಹುಡುಗಿ ಕೊಟ್ಟಿದ್ದಳು. ಇಟ್ಟುಕೊಂಡವ ನಾನು. ಆರು ತಿಂಗಳು ನಿನ್ನ ದಿಂಬಿನ ಮ್ಯಾಲಿನ ಗೂಡಿನ್ಯಾಗ ಇತ್ತು ಅದು.

ನಿರ್ದೇಶಕರೇ, ಇದು ನನ್ನ ಹೇಳಿಕೆ. ಎರಡು ಪ್ರತಿ. ‘ತಪ್ಪು ನನ್ನದು, ನುಜ್ಹತಳದ್ದಲ್ಲ’ ಎಂದು ಬರೆದಿದೆ. ನೀವು ತಲೆ ಅಲ್ಲಾಡಿಸುತ್ತಿದ್ದೀರಿ, ಸಂತೋಷ. ತಲೆಗೆ ಮೊಹರು ಇರುವುದಿಲ್ಲ. ಕೆಳಗೆ ‘ಇಂದಿನಿಂದಲೇ ಕೆಲಸಕ್ಕೆ’ ಎಂದು ಬರೆದು ಸಹಿ ಹಾಕಿ. ದೊಡ್ಡವರಿಗೆ ಸಹಿ ಕೇಳಲು ನನಗೆ ನಾಚಿಕೆಯಿಲ್ಲ. ಇಲ್ಲಿ. ಈ ಗೆರೆಯ ಮೇಲೆ. ತಾರೀಖೂ ಹಾಕಿ.

ಹಾಂ. ಸಹಿ ಬಂತು.

ಸಭಿಕರೇ, ಕರೆದವರಿಗೆ, ಕೇಳಿದವರಿಗೆ, ಒಂದು ಚೀಟಿ ಬರೆದು ಗುಂಡುಪಿನ್ನು ಚುಚ್ಚಿದ ಆ ಕೈಗೆ, ನನ್ನ ಋಣ ತೀರದು. ಶಾಲು ಈ ಕುರ್ಚಿಯ ಮೇಲಿರಲಿ. ನಾನು ಮೊದಲು ಸುರಪುರಕ್ಕೆ ಹೋಗಬೇಕು, ಖಾಸಿಂಬೀಯ ಮನೆಗೆ. ಅದಕ್ಕೂ ಮೊದಲು…

ಕಿಟಕಿ ಮುಚ್ಚಿತು.

ನೀವೂ ನೋಡಿದಿರಿ. ಅವಳೇ ಮುಚ್ಚಿದ್ದು, ನೋಯುವ ತೋಳಿನಿಂದಲೇ.

ಮೈಕು ಬಂದ್ ಮಾಡಪ್ಪ. ಇನ್ನುಳಿದದ್ದನ್ನು ಮೇಲೆ ಹೋಗಿ ಬರಿಬಾಯಲ್ಲಿ ಹೇಳಬೇಕು. ನಮಸ್ಕಾರ.