ಬಾವಿಗೆ ಕೊಟ್ಟ ಅರ್ತ್

೨೦೧೪, ಡಿಸೆಂಬರ್ ೧೨, ಶುಕ್ರವಾರ. ಆ ದಿನದ ಪುಟದಲ್ಲಿ ನನ್ನ ಡೈರಿ ಹೇಳುವುದು ಇಷ್ಟೇ: "ಕಣ್ಣಿನ ಡಾಕ್ಟರ ಹತ್ತಿರ ತಡವಾಯಿತು. ಬಸ್ಸಿನಿಂದ ಇಳಿದಾಗ ರಾತ್ರಿ ೯.೧೦. ಬಾವಿಯ ಹತ್ತಿರ ತಮ್ಮ ಕೂತಿದ್ದ."

ಉಳಿದದ್ದನ್ನು ಬರೆದಿಲ್ಲ. ಈಗ ಮೊಮ್ಮಗಳು ಎಲ್ಲಿಂದಲೋ ಒಂದು ಹಳೆಯ ಟರ್ನ್‌ಟೇಬಲ್ ತಂದು, "ಅಟ್ಟದ ಮೇಲಿರೋ ಆ ಪೆಟ್ಟಿಗೆ ಕೊಡಜ್ಜಿ, ಸುಮ್ಮನೆ ಧೂಳು ತಿಂತಿದೆ" ಎಂದು ಗಂಟುಬಿದ್ದಿದ್ದಾಳೆ. ಕೊಡುವ ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಮನೆತನದಲ್ಲಿ ಮೊದಲು ಬಿ.ಎ. ಮುಗಿಸಿದ ಹೆಂಗಸು ನಾನು. ಕಾಲೇಜಿನ ಮೊದಲ ದಿನದಿಂದ ಇವತ್ತಿನವರೆಗೆ ಒಂದು ದಿನ ಬಿಡದೆ ಡೈರಿ ಬರೆದಿದ್ದೇನೆ. ಇಲ್ಲದ್ದನ್ನು ಹುಟ್ಟಿಸಿ ಹೇಳುವ ಅಭ್ಯಾಸ ನನಗಿಲ್ಲ.

ಅವತ್ತು ಕಣ್ಣಿಗೆ ಹನಿ ಹಾಕಿದ್ದರು. ಬೀದಿದೀಪಗಳೆಲ್ಲ ಕದಡಿಕೊಂಡು ಕಾಣುತ್ತಿದ್ದವು. ಗೋಡೆ ಹಿಡಿದುಕೊಂಡು ಓಣಿಯಲ್ಲಿ ಬಂದೆ. ಓಣಿಯ ಕೊನೆಗೆ ನಮ್ಮ ಮನೆ, ಅದರ ಪಕ್ಕಕ್ಕೆ ತಮ್ಮನ ಮನೆ, ಎರಡರ ನಡುವೆ ಬಾವಿ. ತಮ್ಮ ಅಂದರೆ ನನ್ನ ಚಿಕ್ಕಪ್ಪನ ಮಗ. ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಇಪ್ಪತ್ತಮೂರು ವರ್ಷವಾಗಿತ್ತು. ಹಳೆಯ ಪಂಪಿನ ಪೈಪು ಮಾತ್ರ ಜಾಲರಿಯ ನಡುವಿನಿಂದ ಒಳಗೆ ಇಳಿದಿತ್ತು.

ಅಲ್ಲಿ ಒಂದು ಬೆಳಕು... ನೆಲದ ಮಟ್ಟದಲ್ಲಿ. ಯಾರೋ ಕೂತಿದ್ದರು. "ಕರ್... ಕರ್..." ಎಂದು ಏನನ್ನೋ ಕೆರೆಯುವ ಸದ್ದು.

ನಿಂತುಬಿಟ್ಟೆ.

"ಹೆದರ್ಕೋಬೇಡ, ನಾನು," ಅಂದ ತಮ್ಮ, ಪಿಸುದನಿಯಲ್ಲಿ. ಕೈಯಲ್ಲಿ ಟಾರ್ಚು, ಹೆಗಲ ಮೇಲೆ ಹಸಿರು ವೈರಿನ ಸುರುಳಿ. ಮರಳುಕಾಗದದಿಂದ ಪೈಪಿನ ತುಕ್ಕು ಉಜ್ಜುತ್ತಿದ್ದ.

"ಈ ಹೊತ್ತಲ್ಲಿ ಏನೋ ಇದು?"

"ಅರ್ತ್ ಕೊಡ್ತಿದೀನಿ ಅಕ್ಕ. ನಿನ್ನ ಪೆಟ್ಟಿಗೆಗೆ."

ನನ್ನ ಪೆಟ್ಟಿಗೆ ಅಂದರೆ ನಾನೇ ಕೊಡಿಸಿದ್ದು. ಅದಕ್ಕೆ ಫೋನೋ ಸ್ಟೇಜ್ ಅನ್ನುತ್ತಾರೆ. ರೆಕಾರ್ಡಿನ ಮೇಲೆ ಓಡುವ ಮುಳ್ಳು ಹಿಡಿಯುವ ಸದ್ದು ಎಷ್ಟು ಸಣ್ಣದೆಂದರೆ, ಅದನ್ನು ನೂರಾರು ಪಟ್ಟು ದೊಡ್ಡದು ಮಾಡಿ ಮುಂದಕ್ಕೆ ಕಳಿಸಲು ನಡುವೆ ಒಂದು ಪೆಟ್ಟಿಗೆ ಬೇಕು. ಅವನ ಹತ್ತಿರ ಇದ್ದದ್ದು ಮೂವತ್ತು ವರ್ಷ ಹಳೆಯದು. ಹಾಡಿನ ಜೊತೆಗೆ "ಗುಂಯ್..." ಎಂದು ಒಂದೇ ಸಮ ಕೊರೆಯುತ್ತಿತ್ತು. ಹೊಸದನ್ನು ನಾನು ಪ್ರೀತಿಗೆ ಕೊಡಿಸಿದ್ದಲ್ಲ. ಆ ಗುಂಯ್ ನಿಂತರೆ ಅವನ ಕೇಳಾಟವೂ ನಿಂತೀತು ಎಂದು ಕೊಡಿಸಿದ್ದು.

ಅವನ ಕೇಳಾಟ ಏನೆಂದು ಹೇಳಬೇಕು.

ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಅವನಿಗೆ ನಿದ್ದೆ ಬಾರದು. ಅವನಿಗೆ ಹೆಣ್ಣು ನೋಡಿ ಮದುವೆ ಮಾಡಿಸಿದವಳು ನಾನೇ. ಅವಳು ಬಾಯಿ ತೆರೆದರೆ ನಗೆ. ಅಂಕಿ ಬರೆದರೆ ಮಾತ್ರ ಅವಳ ಒಂದಕ್ಕೂ ಸೊನ್ನೆಗೂ ವ್ಯತ್ಯಾಸವಿಲ್ಲ. ಒಂದನ್ನು ಪೂರ್ತಿ ಸುತ್ತಿ ಮುಚ್ಚಿಬಿಡುತ್ತಿದ್ದಳು. ಅವರ ಮನೆ ನಂಬರು ೧೧. ಅವಳ ಕಾಗದ ನೋಡಿದರೆ ಸೊನ್ನೆ ಸೊನ್ನೆ. "ನನ್ನ ಹೆಂಡತಿ ಇರೋದು ಇಲ್ಲದ ಮನೇಲಿ," ಎಂದು ಅವನು ರೇಗಿಸುತ್ತಿದ್ದ. ಊರೆಲ್ಲ ನನ್ನನ್ನು ಮೇಡಂ ಎಂದರೆ ಅವಳೊಬ್ಬಳೇ 'ಡೈರಿ ಅಕ್ಕ' ಅನ್ನುತ್ತಿದ್ದಳು. ಹಾಲು ಉಕ್ಕಿದರೆ, ಬೆಕ್ಕು ಮರಿ ಹಾಕಿದರೆ, ಗಂಡ ಮುನಿಸಿಕೊಂಡರೆ ಕಿಟಕಿಯಲ್ಲಿ ಮುಖ ತೂರಿಸಿ, "ಡೈರಿ ಅಕ್ಕ, ಬರ್ಕೊಂಡ್ರಾ?"

ರಾತ್ರಿ ಅವನು ರೆಕಾರ್ಡ್ ಹಾಕಿ ಕೂತರೆ ಮುಗಿಯಿತು. ಇವಳು ಅಡುಗೆಮನೆಯಿಂದ "ರೀ... ರೀ..." ಎಂದು ಊಟಕ್ಕೆ ಕರೆಯಬೇಕು. ಅವನು ಸದ್ದು ಇನ್ನಷ್ಟು ಏರಿಸಬೇಕು. ದಿನಾ ಇದೇ.

೧೯೯೧, ಆಗಸ್ಟ್ ೨೨. ಪಂಪು ಕೆಟ್ಟಿತ್ತು. ರಾತ್ರಿ ಊಟಕ್ಕೆ ಮೊದಲು ಅವಳು ಕೊಡ ಹಿಡಿದು ಬಾವಿಗೆ ಹೋದಳು. ಅವನು ಕೊಳಲಿನ ರೆಕಾರ್ಡ್ ಹಾಕಿಕೊಂಡು, ಕುರ್ಚಿಯಲ್ಲೇ ನಿದ್ದೆ ಹೋದ. ಬೆಳಿಗ್ಗೆ ಅವಳನ್ನು ಬಾವಿಯಿಂದ ಎತ್ತಿದರು. ಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿದ ಗುರುತಿತ್ತು. ಎರಡೂ ಅಂಗೈ ತುಂಬ ತುಕ್ಕು... ಪೈಪು ಹಿಡಿದುಕೊಂಡಿದ್ದಳು.

ಆ ತುಕ್ಕು ಅವನನ್ನು ತಿಂದುಹಾಕಿತು. ಹಿಡಿದುಕೊಂಡಿದ್ದಳು ಅಂದಮೇಲೆ ಕರೆದಿರಬೇಕಲ್ಲ? ವರ್ಷವರ್ಷವೂ ಅದೇ ರೆಕಾರ್ಡನ್ನು ಅಷ್ಟೇ ಸದ್ದಿನಲ್ಲಿ ಹಾಕಿ, ಯಾರನ್ನಾದರೂ ಬಾವಿಯ ಹತ್ತಿರ ನಿಲ್ಲಿಸಿ ಕೂಗಿಸುತ್ತಿದ್ದ. ಒಳಗೆ ಕೂತು ಕಿವಿ ಕೊಡುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದು ಕೇಳುತ್ತಿದ್ದ. ಆ ಗುಂಯ್ ಇರದಿದ್ದರೆ ನನಗೆ ಕೇಳ್ತಿತ್ತೇನೋ, ಅಲ್ವಾ ಅಕ್ಕ? ನಿನ್ನ ಕಿಟಕಿ ಬಾವಿಗೇ ತೆರೆಯುತ್ತಲ್ಲ, ಅವಳು ಕರೆದಳಾ?

ಕರೆಯಲಿಲ್ಲ, ಅನ್ನುತ್ತಿದ್ದೆ. ಕರೆದಿದ್ದರೆ ನನಗೆ ಕೇಳುತ್ತಿರಲಿಲ್ಲವೇ? ಅವನು ಅದನ್ನು ನಂಬಿಕೊಂಡು ಎದ್ದು, ಕೆಲಸಕ್ಕೆ ಹೋಗಿ, ಉಂಡು ಮಲಗುತ್ತಿದ್ದ. ನಾನು ಡೈರಿ ಬರೆಯುವವಳು. ನನ್ನ ಮಾತಿಗೆ ಅಷ್ಟು ಬೆಲೆ.

ಈಗ ಬಾವಿಗೆ ಬರೋಣ. ಹೊಸ ಪೆಟ್ಟಿಗೆ ಜೋಡಿಸಿದರೂ ಗುಂಯ್ ಹೋಗಿರಲಿಲ್ಲವಂತೆ. ರಿಪೇರಿ ಅಂಗಡಿಯವರಿಗೆ ಫೋನ್ ಮಾಡಿದ್ದಾನೆ. ಅರ್ತ್ ಸರಿಯಾಗಿ ಕೊಡಿ, ಅಂದಿದ್ದಾರೆ. ಟರ್ನ್‌ಟೇಬಲ್‌ನಿಂದ ಬರುವ ಸಣ್ಣ ತಂತಿಯನ್ನು ಪೆಟ್ಟಿಗೆಯ ಹಿಂದಿನ ತಿರುಪಿಗೆ ಬಿಗಿಯಿರಿ ಎಂಬುದು ಅವರ ಅರ್ಥ. ನಮ್ಮವನು ಹಿಡಿದದ್ದು ಬೇರೆ. ಅರ್ತ್ ಅಂದರೆ ಭೂಮಿ, ಅದು ಆಳಕ್ಕೆ ಹೋದಷ್ಟೂ ಒಳ್ಳೆಯದು, ನಮ್ಮಲ್ಲಿ ಬಾವಿಯ ಪೈಪಿಗಿಂತ ಆಳಕ್ಕೆ ಹೋಗಿರುವುದು ಯಾವುದಿದೆ... ಎಂದು ನನಗೇ ಪಾಠ ಹೇಳಿದ.

ಬೇಡವೋ, ಅದನ್ನು ಮಾತ್ರ ಮುಟ್ಟಬೇಡ, ಅಂದೆ. ಅವನು ಆಗಲೇ ತಂತಿ ಸುತ್ತಿ ಇಕ್ಕಳದಿಂದ ಬಿಗಿಯುತ್ತಿದ್ದ.

"ಬಾ, ಕೂತು ಕೇಳು. ಕೊಡಿಸಿದವಳು ನೀನು."

ಹೋದೆ. ಹಾಲ್‌ನಲ್ಲಿ ಒಂದೇ ದೀಪ. ಮೇಜಿನ ಮೇಲೆ ಟರ್ನ್‌ಟೇಬಲ್, ಪಕ್ಕದಲ್ಲಿ ಬೂದುಬಣ್ಣದ ಪೆಟ್ಟಿಗೆ, ಅದರ ಮೇಲೊಂದು ಸಣ್ಣ ಕೆಂಪು ದೀಪ. ಹಸಿರು ವೈರು ಕಿಟಕಿಯಿಂದ ಒಳಗೆ ಬಂದು ಅದರ ತಿರುಪಿಗೆ ಸೇರಿತ್ತು. ಅವನು ಗುಂಡಿ ಒತ್ತಿದ.

ಗುಂಯ್ ಇರಲಿಲ್ಲ.

ಏನೂ ಇರಲಿಲ್ಲ. ಸ್ಪೀಕರಿನಲ್ಲಿ ಅಂಥ ಮೌನ ನಾನು ಕೇಳಿರಲಿಲ್ಲ. ಅವನ ಮುಖ ಅರಳಿತು. ಅದೇ ಕೊಳಲಿನ ರೆಕಾರ್ಡ್ ತೆಗೆದ. ಮಾತಿಲ್ಲ, ಹಾಡಿಲ್ಲ, ಬರೀ ಕೊಳಲು. ಮುಳ್ಳು ಇಳಿಸಿದ. "ಟಪ್"... ಆಮೇಲೆ ಕೊಳಲು. ನುಡಿಸುವವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಇಪ್ಪತ್ತು ನಿಮಿಷ ಇಬ್ಬರೂ ಅಲುಗಾಡಲಿಲ್ಲ. ನಿಜ ಹೇಳುತ್ತೇನೆ, ತುಂಬ ಚೆನ್ನಾಗಿತ್ತು. ಕೊಡಿಸಿದ್ದು ಸಾರ್ಥಕ ಎಂದುಕೊಂಡೆ.

ಕೊಳಲು ಮುಗಿಯಿತು. ಮುಳ್ಳು ಕೊನೆಯ ಖಾಲಿ ಗೀರಿಗೆ ಬಂತು. "ಟಿಕ್... ಟಿಕ್... ಟಿಕ್..." ಅವನು ಎತ್ತಲು ಕೈ ಚಾಚಿದ.

ಸ್ಪೀಕರಿನಲ್ಲಿ ರಾಟೆ ತಿರುಗಿತು. "ಕಿರ್... ಕಿರ್..."

ಚಾಚಿದ ಕೈ ಹಾಗೇ ನಿಂತಿತು.

ಹಸಿ ಕಲ್ಲಿನ ಮೇಲೆ ಏನೋ ಸವರಿದ ಸದ್ದು. ಕೊಡ ಕಲ್ಲಿಗೆ ಬಡಿಯಿತು, "ಠಣ್". ಮತ್ತೊಮ್ಮೆ, ಕೆಳಗೆ. ಆಮೇಲೆ ನೀರು... ದೊಡ್ಡದಾಗಿ. ಆಮೇಲೆ ಉಸಿರು. ಕೊಳಲಿನವರದಲ್ಲ.

"ರೀ..."

ಊಟಕ್ಕೆ ಕರೆಯುವಂಥದೇ ದನಿ. ಸ್ವಲ್ಪ ಮೇಲೆ, ಅಷ್ಟೇ.

"ರೀ... ರೀ..."

ತಮ್ಮ ನನ್ನ ಕಡೆ ನೋಡಲಿಲ್ಲ. ಸ್ಪೀಕರನ್ನೇ ನೋಡುತ್ತಿದ್ದ. ನನಗೆ ಮುಂದೇನು ಬರುತ್ತದೆ ಎಂದು ಗೊತ್ತಿತ್ತು. ಎದ್ದು ತಂತಿ ಕಿತ್ತುಹಾಕಬೇಕು ಎಂದುಕೊಂಡೆ. ಏಳಲಿಲ್ಲ.

ಕೀಲಿನ "ಕಿಂಯ್". ಆಮೇಲೆ "ಟಕ್"... ಸ್ವಲ್ಪ ತಡೆದು, "ಟಕ್".

ನನ್ನ ಅಡುಗೆಮನೆಯ ಕಿಟಕಿಯ ಅಗುಳಿ ಒಂದೇ ಏಟಿಗೆ ಕೂರುವುದಿಲ್ಲ. ಎರಡು ಸಲ ಹೊಡೆಯಬೇಕು. ಈ ಎರಡು ಮನೆಯಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಆ ಸದ್ದು ಗೊತ್ತು. ಈಗ ಅವನು ನನ್ನ ಕಡೆ ತಿರುಗಿದ.

ಮುಳ್ಳು ಸುತ್ತುತ್ತಲೇ ಇತ್ತು. "ಟಿಕ್... ಟಿಕ್..."

"ಡೈರಿ ಅಕ್ಕಾ..."

ಇದು ನನಗೂ ಹೊಸದು. ಕಿಟಕಿ ಹಾಕಿದ ಮೇಲೆ ನನ್ನನ್ನೂ ಕರೆದಿದ್ದಳು. ಅದು ನನಗೆ ಗೊತ್ತಿರಲಿಲ್ಲ. ಯಾರ ಮೇಲೆ ಬೇಕಾದರೂ ಆಣೆ ಮಾಡುತ್ತೇನೆ.

ಬಹಳ ಹೊತ್ತು ಏನೂ ಇಲ್ಲ. ಪೈಪಿನ ಮೇಲೆ ಉಗುರು ಜಾರುವ ಸದ್ದು. ನಾನು ಹತ್ತು ಸುತ್ತು ಎಣಿಸಿದೆ. ಆಮೇಲೆ ತೀರಾ ಹತ್ತಿರದಿಂದ, ಸ್ಪೀಕರಿನ ಬಟ್ಟೆಗೆ ಬಾಯಿಟ್ಟು ಹೇಳಿದ ಹಾಗೆ, ಸಣ್ಣ ನಗೆಯ ಜೊತೆ...

"ಬರ್ಕೊಂಡ್ರಾ?"

ತಮ್ಮ ಮುಳ್ಳನ್ನು ಮೆಲ್ಲಗೆ ಎತ್ತಿಟ್ಟ. ರೆಕಾರ್ಡಿಗೆ ಒಂದು ಗೀರೂ ಬೀಳದ ಹಾಗೆ.

"ಆ ವರ್ಷದ ಡೈರಿ ತಗೊಂಡ್ಬಾ," ಅಂದ.

ಕಳೆದುಹೋಗಿದೆ ಎನ್ನಬಹುದಿತ್ತು. ಆದರೆ ನನ್ನ ಡೈರಿ ಕಳೆದುಹೋಗಿದೆ ಎಂದರೆ ನಂಬುವವರು ಯಾರು? ಹೋಗಿ ತಂದೆ. ಅವನು ಕನ್ನಡಕ ಹಾಕಿಕೊಂಡು, ಕರಡು ಓದುವ ಹಾಗೆ ಬೆರಳಿಟ್ಟು ಓದಿದ. "ರಾತ್ರಿ ೯.೪೦. ಪಕ್ಕದ ಮನೆಯಲ್ಲಿ ಮಾಮೂಲಿ ಗಲಾಟೆ. ಕಿಟಕಿ ಹಾಕಿದೆ."

"ಮಾಮೂಲಿ," ಅಂದ.

ದಿನಾ ಕರೀತಿದ್ದಳಲ್ಲೋ, ಇದೂ ಅದೇ ಅಂದುಕೊಂಡೆ, ಎಂದೆ. ಬೆಳಿಗ್ಗೆ ಎದ್ದಮೇಲೆ ಹೇಳುವ ಬಾಯಿ ಇರಲಿಲ್ಲ, ಎಂದೆ. ನಿನಗೆ ನೆಮ್ಮದಿಯಾಗಲಿ ಅಂತ, ಎಂದೂ ಹೇಳಿದೆ. ಅದು ಅರ್ಧ ಮಾತ್ರ ನಿಜ.

"ಇಪ್ಪತ್ತಮೂರು ವರ್ಷ ನಿನ್ನ ಮಾತು ನಂಬ್ಕೊಂಡು ಊಟ ಮಾಡಿದೀನಲ್ಲಕ್ಕ," ಅಂದ. ದನಿ ಏರಿಸಲಿಲ್ಲ. "ಡೈರಿ ಇಲ್ಲೇ ಇರಲಿ. ನೀನು ಹೋಗು."

ಮರುದಿನ ಬೆಳಿಗ್ಗೆ ನನ್ನ ಹೊಸಿಲ ಮೇಲೆ ಎರಡು ವಸ್ತು ಇದ್ದವು. ಫೋನೋ ಸ್ಟೇಜ್ ಪೆಟ್ಟಿಗೆ, ಅದರ ಮೇಲೆ ಡೈರಿ. ಹಸಿರು ವೈರು ಬಾವಿಯ ಪೈಪಿನಿಂದ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ ಪಕ್ಕದಲ್ಲಿಟ್ಟಿದ್ದ. ಪುಟ ತೆಗೆದು ನೋಡಿದೆ. 'ಮಾಮೂಲಿ ಗಲಾಟೆ' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಕರಡು ತಿದ್ದುವವರ ಗುರುತು ಹಾಕಿ, ಅಂಚಿನಲ್ಲಿ ಅವನ ದುಂಡು ಅಕ್ಷರದಲ್ಲಿ ಬರೆದಿದ್ದ: 'ಕರೆದಳು'.

ತಿಂಗಳೊಳಗೆ ಮನೆ ಖಾಲಿ ಮಾಡಿದ. ನನ್ನ ಯಜಮಾನರು ಹೋದಾಗಲೂ ಬರಲಿಲ್ಲ. ಒಂದೇ ಒಂದು ಸಲ ಫೋನಿನಲ್ಲಿ ಸಿಕ್ಕಿದ. ನಾನು ಕೇಳಬೇಕಾದ್ದನ್ನು ಕೇಳಿದೆ. "ನಾನು ತಿದ್ದಿದ್ದು ಒಂದೇ ಕಡೆ," ಎಂದು ಹೇಳಿ ಫೋನ್ ಇಟ್ಟುಬಿಟ್ಟ.

ಕೇಳಿದ್ದೇಕೆಂದರೆ, ಆ ಪುಟದಲ್ಲಿ ಇನ್ನೊಂದು ತಿದ್ದುಪಡಿ ಇದೆ. ಕೆಂಪು ಶಾಯಿಯದಲ್ಲ. ತುಕ್ಕಿನ ಬಣ್ಣ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ನಾನು ಬರೆದ '೯.೪೦'ರ ಮುಂದೆ ಒಂದು ಅಡ್ಡಗೆರೆ ಎಳೆದು, ಇನ್ನೊಂದು ಹೊತ್ತು ಬರೆದಿದೆ. ಮೊದಲು ನೋಡಿದಾಗ ಸೊನ್ನೆ ಸೊನ್ನೆ ಇಪ್ಪತ್ತೈದು ಎಂದು ಓದಿದೆ. ಆಮೇಲೆ ಅರ್ಥವಾಯಿತು. ಹನ್ನೊಂದು ಇಪ್ಪತ್ತೈದು. ಒಂದುಗಳನ್ನು ಪೂರ್ತಿ ಸುತ್ತಿ ಮುಚ್ಚಿದೆ.

ಅಲ್ಲಿಯವರೆಗೆ ಹಿಡಿದುಕೊಂಡಿದ್ದಳು. ಒಂದೂ ಮುಕ್ಕಾಲು ಗಂಟೆ.

ಇದು ನಡೆದದ್ದು. ಡೈರಿ ಬೀರುವಿನಲ್ಲಿದೆ, ಬೆಳಕಿದ್ದಾಗ ಯಾರು ಬೇಕಾದರೂ ಬಂದು ನೋಡಬಹುದು. ಪೆಟ್ಟಿಗೆಗೆ ಎಷ್ಟಾಯಿತು ಎಂದು ಮೊಮ್ಮಗಳು ಕೇಳಿದಳು. ನನ್ನ ಒಂದು ತಿಂಗಳ ಪಿಂಚಣಿ ಪೂರ್ತಿ. ತಮ್ಮ ಅಂತ ಇದ್ದವನು ಅವನೊಬ್ಬನೇ, ಅವನೂ ದೂರವಾದ. ಅಡುಗೆಮನೆಯ ಆ ಕಿಟಕಿಯನ್ನು ಅವತ್ತಿನಿಂದ ಹಾಕಿಲ್ಲ. ಮಳೆ ನೀರು ಬಿದ್ದು ಬಿದ್ದು ಅದರ ಚೌಕಟ್ಟಿನ ಮರ ಎರಡು ಸಲ ಬದಲಾಯಿಸಿದ್ದಾಯಿತು.